ಫಾದರ್ ಕೊಟ್ಟ ಪುಟ್ಟ ಚಿತ್ರಗಳು

ಇಟಲಿಯ ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳು ಮಂಗಳೂರಿಗೆ ಬಂದದ್ದು 1878ರ ಕೊನೆಯಲ್ಲಿ. ವಯಸ್ಸಾದ ಮಿಷನರಿ ಫಾದರ್ ಮಕ್ಕಳ ಕೈಗಿಟ್ಟ ಸಂತರ ಚಿತ್ರ, ಜಪಸರ ಕರಾವಳಿಯ ಹಳೆ ಪೆಟ್ಟಿಗೆಗಳಲ್ಲಿ ಇಂದಿಗೂ ಸಿಗುತ್ತವೆ. ಚಿತ್ರಕ್ಕೆ ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ: ಬಿಸಿಗೆ ಅಂಟು ಕಾಗದದೊಳಗೆ ಇಳಿದರೆ ಮತ್ತೆ ಬಿಡಿಸಲಾಗದು. ಸೆಲ್ಲೋಟೇಪೂ ಅಷ್ಟೇ, ಹಳದಿ ಕಲೆ ಉಳಿಸುತ್ತದೆ. 600 ಡಿಪಿಐಯಲ್ಲಿ (ಅಂಗುಲಕ್ಕೆ 600 ಚುಕ್ಕೆ) ಎರಡೂ ಬದಿ ಸ್ಕ್ಯಾನ್ ಮಾಡಿ. ಹಿಂಬದಿಯ ಸಹಿ, ತಾರೀಖೇ ನಿಜವಾದ ಆಸ್ತಿ. ಪರದೇಶದಲ್ಲಿರುವ ಹಳೆ ಗೆಳೆಯರಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಹೋದರೆ ಕುಗ್ಗಿ ಅಕ್ಷರ ಮಸುಕಾಗುತ್ತದೆ. ಆ ಕೈಬರಹ ಗುರುತು ಹಿಡಿಯಬಲ್ಲವರೋ ಹೆಚ್ಚಾಗಿ ಅವರೇ! ಜಪಸರವನ್ನು ಬೇರೆ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಕಬ್ಬಿಣದ ಕೊಂಡಿಯ ತುಕ್ಕು ಕಾಗದಕ್ಕೆ ಹತ್ತುತ್ತದೆ.