1 ಜಿಬಿ ಮೆಮೊರಿಯಲ್ಲಿ ಓಪನ್‌ಸಿವಿ ಕಂಪೈಲ್: ಈವರೆಗಿನ ಕೆಲಸ

ಕೊಯ್ದು ತಂದ ಕಾಫಿಯಲ್ಲಿ ಹಣ್ಣೆಷ್ಟು, ಹಸಿರು ಕಾಯಿ ಎಷ್ಟು ಎಂದು ಕ್ಯಾಮೆರಾ ನೋಡಿ ಹೇಳಬೇಕು. ಸೋಮವಾರಪೇಟೆಯ ನಮ್ಮ ತೋಟಕ್ಕಾಗಿ ನಾನು ಕಟ್ಟುತ್ತಿರುವ ಯಂತ್ರದ ಗುರಿ ಇಷ್ಟೇ. ಅರೇಬಿಕಾ ಕೊಯ್ಲಿಗೆ ಮುಂಚೆ ತಂತ್ರಾಂಶ ಸಿದ್ಧವಾಗಬೇಕಾದ್ದರಿಂದ ಮಳೆಗಾಲದಲ್ಲೇ ಕುಳಿತಿದ್ದೇನೆ. ಕೈಯಲ್ಲಿರುವುದು ರಾಸ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್: ನಾಲ್ಕು ಕೋರ್, 1 ಜಿಬಿ ಮೆಮೊರಿ. ಚಿತ್ರ ವಿಶ್ಲೇಷಣೆಯ ತಂತ್ರಾಂಶ ಓಪನ್‌ಸಿವಿಯ ಸಿದ್ಧ ಪ್ಯಾಕೇಜಿನ ಹಳೆಯ ಆವೃತ್ತಿ, ಹಣ್ಣು-ಕಾಯಿ ಗುರುತಿಸುವ ನನ್ನ ಮಾದರಿ (ಮಾಡೆಲ್) ಕಡತವನ್ನು ಓದಲಿಲ್ಲ. ಹಾಗಾಗಿ ಓಪನ್‌ಸಿವಿಯನ್ನು ಮೂಲ ಕೋಡಿನಿಂದಲೇ ಕಂಪೈಲ್ ಮಾಡಬೇಕಾಯಿತು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತರಬೇಕಾಯಿತು.

ನಾಲ್ಕು ಕೋರ್‌ಗೂ ಕೆಲಸ ಹಂಚಿ, ಕಂಪೈಲ್ ನಡೆಸುವ ‘ಮೇಕ್’ ಓಡಿಸಿದರೆ ಕಂಪೈಲರ್ ‘ಕಿಲ್ಡ್’ (ಕೊಲ್ಲಲಾಗಿದೆ) ಎಂದು ತೋರಿಸಿ ನಿಲ್ಲುತ್ತಿತ್ತು. ಕೋಡಿನ ಯಾವ ಸಾಲಿನ ಮೇಲೂ ಅದರ ದೂರಿಲ್ಲ. ಇಂಥಲ್ಲಿ ಮೊದಲು ತೆರೆಯಬೇಕಾದದ್ದು ‘ಡಿಎಂಇಎಸ್‌ಜಿ’ ಆದೇಶ ತೋರಿಸುವ, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆದಿಟ್ಟ ದಾಖಲೆ. ಅಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲು, ಅದರಲ್ಲೇ ಸಿ++ ಕಂಪೈಲರಿನ ‘ಸಿಸಿ1ಪ್ಲಸ್’ ಹೆಸರು. ಮೆಮೊರಿ ಪೂರ್ತಿ ತುಂಬಿಹೋದಾಗ ಕರ್ನಲ್ ಒಂದು ಪ್ರಕ್ರಿಯೆಯನ್ನು ಕೊಂದು ಉಳಿದವನ್ನು ಉಳಿಸಿಕೊಳ್ಳುತ್ತದೆ. ಹೆಚ್ಚು ಮೆಮೊರಿ ಹಿಡಿದದ್ದೇ ಸಾಮಾನ್ಯವಾಗಿ ಬಲಿ.

ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಹೆಚ್ಚಿಸಿ ಎಂಬುದು ಎಲ್ಲರ ಮೊದಲ ಸಲಹೆ. ನನಗೆ ಅದು ಎರಡನೆಯ ಮದ್ದು. ನಾಲ್ಕು ಕಂಪೈಲರ್‌ಗಳು ಒಟ್ಟಿಗೆ ಸ್ವಾಪ್‌ಗಾಗಿ ಕಿತ್ತಾಡಿದರೆ ಕೆಲಸ ಸಾಗುವುದಿಲ್ಲ, ಮೆಮೊರಿ ಕಾರ್ಡ್ ಸವೆಯುತ್ತದೆ. ಮೊದಲು ಡೆಸ್ಕ್‌ಟಾಪ್ ನಿಲ್ಲಿಸಿ, ಬರಿಯ ಟರ್ಮಿನಲ್‌ನಲ್ಲಿ ಒಂದು ಸಲಕ್ಕೆ ಒಂದೇ ಕಡತ ಎಂದು ಇಳಿಸಿದೆ. ಕಂಪೈಲ್‌ಗೆ ಮುಂಚಿನ ಸಿದ್ಧತೆಯಾದ ‘ಸಿಮೇಕ್’ ಹಂತದಲ್ಲಿ ಪರೀಕ್ಷೆಗಳನ್ನೂ ಉದಾಹರಣೆಗಳನ್ನೂ ಕೈಬಿಟ್ಟು, ನನಗೆ ಬೇಕಾದ ಭಾಗಗಳನ್ನಷ್ಟೇ ‘ಬಿಲ್ಡ್ ಲಿಸ್ಟ್’ನಲ್ಲಿ ಉಳಿಸಿದೆ. ಆ ಬಳಿಕವೇ ಯುಎಸ್‌ಬಿ ಎಸ್‌ಎಸ್‌ಡಿಯ ಮೇಲೆ 2 ಜಿಬಿ ಸ್ವಾಪ್ ಕಡತ ಇಟ್ಟದ್ದು. ಅದು ನಿಜವಾಗಿ ಬೇಕಾದದ್ದು ಓಪನ್‌ಸಿವಿಯನ್ನು ಪೈಥಾನ್ ಭಾಷೆಯಿಂದ ಬಳಸಲು ಬೇಕಾದ ಜೋಡಣೆಯ ಕಡತಕ್ಕೆ. ಎಲ್ಲ ಭಾಗಗಳ ಹೊದಿಕೆ ಕೋಡ್ ಆ ಒಂದೇ ಕಡತದೊಳಗೆ ಸೇರುವುದರಿಂದ ಅದನ್ನು ಒಂಟಿಯಾಗಿ ಓಡಿಸಿದರೂ ಮೆಮೊರಿ ಸಾಲದು.

ನಮ್ಮೂರಿನ ಮಟ್ಟಿಗೆ ಇನ್ನೊಂದು ಸಂಕಟವಿದೆ. ಗಾಳಿಮಳೆಗೆ ಮರ ತಂತಿಯ ಮೇಲೆ ಬಿದ್ದರೆ ಕರೆಂಟ್ ಹೋಗುತ್ತದೆ. ಮುಗಿದ ಕಡತಗಳು ಹಾಗೇ ಇರುವುದರಿಂದ ‘ಮೇಕ್’ ಬಿಟ್ಟಲ್ಲಿಂದ ಮುಂದುವರಿಯುತ್ತದೆ, ನಿಜ. ಆದರೆ ಡಿಸ್ಕಿಗೆ ಇನ್ನೂ ಪೂರ್ತಿ ಇಳಿಯದ ಆಬ್ಜೆಕ್ಟ್ ಕಡತ (ಒಂದು ಮೂಲ ಕಡತ ಕಂಪೈಲ್ ಆದ ಫಲ) ಸೊನ್ನೆ ಬೈಟ್‌ನದಾಗಿ ಉಳಿದುಬಿಡಬಹುದು. ಅದರ ಸಮಯಮುದ್ರೆ ಹೊಸದು, ಆದ್ದರಿಂದ ‘ಮೇಕ್’ ಅದನ್ನು ಸಿದ್ಧವೆಂದೇ ನಂಬುತ್ತದೆ. ತಪ್ಪು ಹೊರಬೀಳುವುದು ಆ ಕಡತಗಳನ್ನೆಲ್ಲ ಜೋಡಿಸುವ ಕೊನೆಯ ಲಿಂಕ್ ಹಂತದಲ್ಲಿ, ಕಡತವನ್ನು ಗುರುತಿಸಲಾಗಲಿಲ್ಲ ಎಂಬ ದೂರಾಗಿ. ಈಗ ಕರೆಂಟ್ ಬಂದೊಡನೆ ‘ಫೈಂಡ್’ ಆದೇಶದಿಂದ ಬಿಲ್ಡ್ ಕೋಶದ ಸೊನ್ನೆ ಗಾತ್ರದ ಆಬ್ಜೆಕ್ಟ್ ಕಡತಗಳನ್ನು ಹುಡುಕಿ ಅಳಿಸಿ, ಆಮೇಲೆ ‘ಮೇಕ್’ ಓಡಿಸುತ್ತೇನೆ.

ಓಪನ್‌ಸಿವಿ ಪೂರ್ತಿ ಕಂಪೈಲ್ ಆಗಿದೆ, ಪೈಥಾನ್ ಅದನ್ನು ಎತ್ತಿಕೊಳ್ಳುತ್ತಿದೆ, ಮಾದರಿಯೂ ತೆರೆಯಿತು. ಮತ್ತೆ ಈ ಹಾದಿ ತುಳಿಯದಂತೆ ಬಿಲ್ಡ್ ಕೋಶವನ್ನು ಎಸ್‌ಎಸ್‌ಡಿಗೆ ನಕಲಿಸಿಟ್ಟಿದ್ದೇನೆ. ಮುಂದಿನದು ಬೆಳಕಿನ ಕೆಲಸ: ಮೋಡದ ಮಂಕಿನಲ್ಲಿ ಅರೆಹಣ್ಣು ಹಸಿರಾಗಿಯೇ ಕಾಣುತ್ತದೆ, ಪೆಟ್ಟಿಗೆಯೊಳಗೆ ಬಿಳಿ ಎಲ್‌ಇಡಿ ಪಟ್ಟಿ ಅಂಟಿಸಬೇಕು.