ಧನಪುರಿಯಿಂದ ಕಾಂಚನಪುರಿಗೆ

2019 ನವೆಂಬರ್ 14, ಗುರುವಾರ
ಬ್ಯಾಂಕಾಕ್, ರಾತ್ರಿ

ನಿನ್ನೆ ಮಾಡಿದ ತಪ್ಪನ್ನು ಮತ್ತೊಮ್ಮೆ ಮಾಡಬಾರದೆಂದು ಇಂದು ಬೆಳಗಿನ ಜಾವ ನಾಲ್ಕೂವರೆಗೇ ಎದ್ದೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾಕ್ಕೆ ರೈಲುಮಾರ್ಗ ಹಾಕುತ್ತ ಸತ್ತ ಯುದ್ಧಕೈದಿಗಳ ಸ್ಮಶಾನವಿರುವ ಕಾಂಚನಬುರಿಗೆ ಹೋಗುವ ರೈಲು ನಗರದ ದೊಡ್ಡ ನಿಲ್ದಾಣವಾದ ಹುವಾ ಲಂಫೋಂಗ್‌ನಿಂದಲೇ ಹೊರಡುತ್ತದೆಂದು ನಾನು ಉಳಿದುಕೊಂಡಿರುವಲ್ಲಿ ಹೇಳಿದ್ದನ್ನು ನಂಬಿ ನಿನ್ನೆ ಅಲ್ಲಿಗೆ ಹೋಗಿದ್ದೆ. ಅಲ್ಲಿನ ಚೀಟಿಯ ಕಿಂಡಿಯಲ್ಲಿ ಕುಳಿತಿದ್ದಾಕೆ ನಗುತ್ತಲೇ ತಲೆಯಾಡಿಸಿ, ಒಂದು ಕಾಗದದ ಮೇಲೆ ‘ಥೋನ್‌ಬುರಿ’ ಎಂದೂ ಅದರ ಕೆಳಗೆ ‘7.50’ ಎಂದೂ ಬರೆದುಕೊಟ್ಟರು. ಆಗಲೇ ಏಳೂಕಾಲು ದಾಟಿತ್ತು, ಥೋನ್‌ಬುರಿ ನಿಲ್ದಾಣವಿರುವುದು ಚಾವೊ ಫ್ರಯಾ ನದಿಯ ಆಚೆ ದಡದಲ್ಲಿ. ಒಂದು ಇಡೀ ದಿನ ಹಾಗೆ ಹೋಯಿತು.

ಇಂದು ಕತ್ತಲಿರುವಾಗಲೇ ತಾ ಚಾಂಗ್ ದೋಣಿಗಟ್ಟೆಗೆ ಬಂದು, ಚಿಲ್ಲರೆ ಕಾಸು ಕೊಟ್ಟು ನದಿ ದಾಟಿಸುವ ದೋಣಿ ಹತ್ತಿದೆ. ಎದುರು ದಡದ ವಾಂಗ್ ಲಾಂಗ್ ಕಟ್ಟೆಯಲ್ಲಿ ಇಳಿದರೆ ಪಕ್ಕದಲ್ಲೇ ಸಿರಿರಾಜ್ ಆಸ್ಪತ್ರೆ, ಅದರ ಬೀದಿಯಲ್ಲಿ ಅಷ್ಟು ಹೊತ್ತಿಗೇ ಬಾಣಲೆಗಳ ಸದ್ದು. ಹಳೆಯ ರೈಲು ನಿಲ್ದಾಣ ನದಿಯ ಅಂಚಿನಲ್ಲೇ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಡೆಗೆ ಜಪಾನೀ ಸೈನ್ಯದ ಸಾಮಗ್ರಿ ಸಾಗುತ್ತಿದ್ದ ದಾರಿ ಅಲ್ಲಿಂದಲೇ ಹೊರಡುತ್ತಿದ್ದುದರಿಂದ ಅದು ಮಿತ್ರರಾಷ್ಟ್ರಗಳ ಬಾಂಬಿಗೆ ಗುರಿಯಾಯಿತು, ಮತ್ತೆ ಕಟ್ಟಿದ ಕಟ್ಟಡ ಈಗ ಆಸ್ಪತ್ರೆಯ ವಸ್ತುಸಂಗ್ರಹಾಲಯವಾಗಿದೆ. ಇಂದಿನ ನಿಲ್ದಾಣವಿರುವುದು ಇನ್ನೂ ಸ್ವಲ್ಪ ಒಳಗೆ, ಒಂದು ತರಕಾರಿ ಮಾರುಕಟ್ಟೆಯ ಬೆನ್ನಿಗೆ. ಅಲ್ಲಿಯವರೆಗೆ ಸೊಂಗ್‌ತೇವ್ ಓಡುತ್ತದೆ. ಎರಡು ಬದಿಗೆ ಎರಡು ಉದ್ದ ಬೆಂಚುಗಳನ್ನು ಹಾಕಿ ಮೇಲೆ ಮಾಡು ಕಟ್ಟಿದ ಈ ಸಣ್ಣ ಲಾರಿಯ ಹೆಸರಿನ ಅರ್ಥವೇ ‘ಎರಡು ಸಾಲು’.

ಚೀಟಿಗೆ 100 ಬಾತ್ ಕೊಟ್ಟೆ. ವಿದೇಶಿಯರಿಗೆ ಈ ಮಾರ್ಗದಲ್ಲಿ ಎಲ್ಲಿ ಇಳಿದರೂ ಇದೇ ದರ, ಊರಿನವರಿಗೆ ಇದಕ್ಕಿಂತ ಬಹಳ ಕಡಿಮೆ. ಇರುವುದು ಮೂರನೆಯ ದರ್ಜೆ ಮಾತ್ರ. ಕಾದಿರಿಸಿದ ಆಸನಗಳಿಲ್ಲ, ಹವಾನಿಯಂತ್ರಣವಿಲ್ಲ, ತೆರೆದ ಕಿಟಕಿಗಳೂ ಸೂರಿನಲ್ಲಿ ತಿರುಗುವ ಪಂಖಗಳೂ ಇವೆ. ಬಸ್ಸಿನಲ್ಲಿ ಹೋಗುವುದಾದರೆ ನಗರದ ‘ದಕ್ಷಿಣ ಬಸ್ ನಿಲ್ದಾಣ’ ಎಂಬಲ್ಲಿಂದ ಇನ್ನೂ ಬೇಗ ತಲುಪಬಹುದೆಂದು ಹಲವರು ಹೇಳಿದ್ದರು. ಆದರೆ ಆ ಸ್ಮಶಾನಕ್ಕೆ ರೈಲಿನಲ್ಲಿ ಹೋಗದೆ ಬೇರೆ ಯಾವುದರಲ್ಲಿ ಹೋದರೂ ಅರ್ಧ ದಾರಿಯನ್ನು ಬಿಟ್ಟಂತೆ ಎಂಬುದು ನನ್ನ ಅಭಿಪ್ರಾಯವಾಗಿತ್ತು, ಈಗಲೂ ಹಾಗೆಯೇ ಇದೆ.

ಥಾಯ್ ಲಿಪಿ ನನಗೆ ಓದಲು ಬಾರದು, ಆದರೂ ಕಿವಿಗೆ ಬೀಳುವ ಹೆಸರುಗಳು ಪೂರ್ತಿ ಪರಕೀಯವೆನಿಸಲಿಲ್ಲ. ಥೋನ್‌ಬುರಿ ಎಂದರೆ ಧನಪುರಿ, ಕಾಂಚನಬುರಿ ಎಂದರೆ ಕಾಂಚನಪುರಿ, ನಡುವೆ ಸಿಗುವ ನಖೋನ್ ಪಥೋಮ್ ಎಂದರೆ ಪ್ರಥಮ ನಗರ. ರೈಲಿಗೆ ಇವರು ‘ರೊತ್ ಫೈ’ ಎನ್ನುತ್ತಾರೆ. ರೊತ್ ಎಂಬುದು ನಮ್ಮ ರಥವೇ, ಫೈ ಎಂದರೆ ಬೆಂಕಿ. ದಾರಿ ಕೇಳುವಾಗ ಹೇಳಬೇಕಾದ ಮಾತನ್ನು ನಿನ್ನೆ ಸಂಜೆಯೇ ಬರೆದಿಟ್ಟುಕೊಂಡಿದ್ದೆ: ‘ಸುಸಾನ್ ತಹಾನ್’, ಅಂದರೆ ಸೈನಿಕರ ಸ್ಮಶಾನ. ಪಾಲಿಯ ‘ಸುಸಾನ’ದ ಮೂಲಕ ಇಲ್ಲಿಗೆ ಬಂದಿರುವ ನಮ್ಮದೇ ‘ಶ್ಮಶಾನ’ ಅದು. ಎದುರು ಸೀಟಿನಲ್ಲಿದ್ದ ಅಜ್ಜಿಯೊಬ್ಬರಿಗೆ ಆ ಮಾತನ್ನು ಹೇಳಿ ನೋಡಿದೆ. ಅವರು ‘ಡೊನ್ ರಾಕ್’ ಎಂದು ತಿದ್ದಿದರು. ಊರಿನವರ ಬಾಯಲ್ಲಿ ಆ ಸ್ಮಶಾನಕ್ಕಿರುವ ಹೆಸರು ಅದು.

ನಾಲ್ಕೂವರೆಗೆ ಎದ್ದುದರ ಫಲವಾಗಿ ನಖೋನ್ ಪಥೋಮ್‌ನ ಬೃಹತ್ ಸ್ತೂಪ ಹಿಂದೆ ಸರಿದ ಮೇಲೆ ನನಗೆ ನಿದ್ದೆ ಹತ್ತಿತು. ಎಚ್ಚರವಾದಾಗ ರೈಲು ಕಬ್ಬಿನ ಗದ್ದೆಗಳ ನಡುವೆ ಸಾಗುತ್ತಿತ್ತು. ನಾನು ನೋಡಲೇಬೇಕೆಂದುಕೊಂಡಿದ್ದ ನೋಂಗ್ ಪ್ಲಾದುಕ್ ಜಂಕ್ಷನ್ ದಾಟಿಹೋಗಿತ್ತು. ಥಾಯ್ಲೆಂಡಿನ ದಕ್ಷಿಣಕ್ಕೆ ಹೋಗುವ ಮುಖ್ಯ ಹಳಿಯಿಂದ ಯುದ್ಧಕೈದಿಗಳು ಹಾಕಿದ ಹಳಿ ಕವಲೊಡೆಯುವುದು ಅಲ್ಲಿ. ಅಲ್ಲಿಂದ ಕಾಂಚನಬುರಿಯವರೆಗಿನ ಸುಮಾರು 50 ಕಿಲೋಮೀಟರ್ ದೂರ ನಾವು ಕುಳಿತು ಸಾಗುವುದು ಅವರು ಹಾಕಿದ ಮಾರ್ಗದ ಮೇಲೆಯೇ. ಅದರ ಆರಂಭವನ್ನೇ ನಿದ್ದೆಯಲ್ಲಿ ಕಳೆದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂದಿತು.

1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಬರ್ಮಾದಲ್ಲಿದ್ದ ತಮ್ಮ ಸೈನ್ಯಕ್ಕೆ ಮಲಯ ಪರ್ಯಾಯದ್ವೀಪವನ್ನು ಸುತ್ತಿ ಹಡಗಿನಲ್ಲಿ ಸಾಮಗ್ರಿ ಕಳಿಸಿದರೆ ಮಿತ್ರರಾಷ್ಟ್ರಗಳ ಜಲಾಂತರ್ಗಾಮಿಗಳ ಭಯವಿದ್ದುದರಿಂದ, ಅವರು ನೋಂಗ್ ಪ್ಲಾದುಕ್‌ನಿಂದ ಬರ್ಮಾದ ಥಾನ್‌ಬ್ಯುಝಯತ್‌ವರೆಗೆ ಕಾಡು ಬೆಟ್ಟಗಳ ನಡುವೆ 415 ಕಿಲೋಮೀಟರ್ ರೈಲುಮಾರ್ಗವನ್ನು ಕಟ್ಟಿಸಲು ಹೊರಟರು. ಕೆಲಸ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲದಲ್ಲೇ ಮುಗಿದು, 1943ರ ಅಕ್ಟೋಬರ್ 17ರಂದು ಎರಡೂ ಕಡೆಯ ಹಳಿಗಳು ಕೂಡಿದವು. ದುಡಿದ 60,000ಕ್ಕೂ ಹೆಚ್ಚು ಯುದ್ಧಕೈದಿಗಳಲ್ಲಿ 12,000ಕ್ಕೂ ಹೆಚ್ಚು ಮಂದಿ ಹಸಿವು, ಕಾಲರಾ, ಮಲೇರಿಯಾ, ಹುಣ್ಣು ಮತ್ತು ಹೊಡೆತಗಳಿಂದ ಸತ್ತರು. ಅವರನ್ನು ಸಿಂಗಪುರದಿಂದ ತಂದುದೂ ರೈಲಿನಲ್ಲೇ: ಸರಕು ಸಾಗಿಸುವ ಕಬ್ಬಿಣದ ಡಬ್ಬಿಗಳಲ್ಲಿ, ಒಂದೊಂದಕ್ಕೆ ಸುಮಾರು 30 ಜನರಂತೆ, ನಾಲ್ಕೈದು ದಿನಗಳ ಪ್ರಯಾಣ. ಜಂಕ್ಷನ್ನಿನ ಬಳಿಯ ಬಾನ್ ಪೋಂಗ್‌ನಲ್ಲಿ ಇಳಿಸಿದ ಮೇಲೆ ನಡಿಗೆ. 1943ರ ಏಪ್ರಿಲ್‌ನಲ್ಲಿ ‘ಎಫ್ ಫೋರ್ಸ್’ ಎಂಬ 7,000 ಆಸ್ಟ್ರೇಲಿಯನ್ ಮತ್ತು ಬ್ರಿಟಿಷ್ ಕೈದಿಗಳ ತಂಡವನ್ನು ಅಲ್ಲಿಂದ ಸುಮಾರು 300 ಕಿಲೋಮೀಟರ್ ದೂರ, ಬಹುಪಾಲು ರಾತ್ರಿಯ ಹೊತ್ತು, ನಡೆಸಿಕೊಂಡೇ ಒಯ್ದರು. ಅವರಲ್ಲಿ 3,000ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಗಟ್ಟಿ ಸೀಟಿನಿಂದ ಸೊಂಟ ನೋಯುತ್ತಿದೆಯೆಂದು ಆಗಷ್ಟೇ ಎದ್ದು ನಿಂತಿದ್ದ ನಾನು ಇದು ನೆನಪಾಗಿ ಸುಮ್ಮನೆ ಕುಳಿತೆ.

ರೈಲು ತಡವಾಗಿ, ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಕಾಂಚನಬುರಿಗೆ ಬಂದಿತು. ನಿಲ್ದಾಣದ ಹೊರಗೆ ಸವಾರಿ ಕೇಳುವವರು ಮುತ್ತಿಕೊಳ್ಳುತ್ತಾರೆ, ಆದರೆ ಸ್ಮಶಾನಕ್ಕೆ ಯಾವ ವಾಹನವೂ ಬೇಡ. ಸೇಂಗ್ ಚುತೊ ಎಂಬ ಮುಖ್ಯ ರಸ್ತೆಯ ಕಡೆಗೆ ಐದು ನಿಮಿಷ ನಡೆದರೆ ಸಾಕು. ಒಂದು ಬದಿಯಲ್ಲಿ ಥಾಯ್ಲೆಂಡ್–ಬರ್ಮಾ ರೈಲ್ವೆ ಕೇಂದ್ರದ ವಸ್ತುಸಂಗ್ರಹಾಲಯ, ಇನ್ನೊಂದು ಬದಿಯಲ್ಲಿ ಚೀನೀಯರ ಸ್ಮಶಾನ, ನಡುವೆ ಮೋಟಾರು ಬೈಕುಗಳ ಗದ್ದಲ. ಇಂಥ ಸ್ಥಳ ಊರಿಂದ ದೂರ, ಮರಗಳ ಮರೆಯಲ್ಲಿ ಇರುತ್ತದೆಂದು ನಾನು ಏಕೋ ಭಾವಿಸಿದ್ದೆ. ಕಮಾನುಗಳಿರುವ ಬಿಳಿಯ ಪ್ರವೇಶಮಂಟಪವನ್ನು ದಾಟಿದೊಡನೆ ರಸ್ತೆಯ ಸದ್ದು ಕಡಿಮೆಯಾಗುವುದಿಲ್ಲ, ಅದರ ಕಡೆಗೆ ನಮ್ಮ ಗಮನ ಮಾತ್ರ ಕಡಿಮೆಯಾಗುತ್ತದೆ.

ಕತ್ತರಿಸಿದ ಹುಲ್ಲುಹಾಸಿನ ಮೇಲೆ ಸಾಲು ಸಾಲಾಗಿ ಮೊಣಕಾಲಿನೆತ್ತರಕ್ಕೂ ಬಾರದ ಕಲ್ಲಿನ ಪೀಠಗಳು, ಪ್ರತಿಯೊಂದರ ಮೇಲೂ ಕಂಚಿನ ಫಲಕ, ಪ್ರತಿ ಎರಡರ ನಡುವೆ ಒಂದು ಹೂವಿನ ಗಿಡ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ನೋಡಿಕೊಳ್ಳುತ್ತಿರುವ ಈ ನೆಲದಲ್ಲಿ ಕಾಮನ್‌ವೆಲ್ತ್ ದೇಶಗಳ 5,084 ಮತ್ತು ನೆದರ್‌ಲೆಂಡ್ಸಿನ 1,896 ಮಂದಿ ಇದ್ದಾರೆ. ಇವರೆಲ್ಲ ಸತ್ತದ್ದು ಇಲ್ಲಲ್ಲ. ಮಾರ್ಗದ ದಕ್ಷಿಣಾರ್ಧದ ಶಿಬಿರಗಳ ಬಳಿ, ಕಾಡಿನೊಳಗೆ ಒಂಟಿಯಾಗಿ ಹೂಳಿದ್ದವರನ್ನು ಯುದ್ಧದ ನಂತರ ಹುಡುಕಿ ತೆಗೆದು ಇಲ್ಲಿಗೆ ತಂದರು, ಅಮೆರಿಕನ್ನರ ಅವಶೇಷಗಳನ್ನು ಮಾತ್ರ ಅವರ ದೇಶಕ್ಕೇ ಒಯ್ದರು. ಬಹುತೇಕ ಫಲಕಗಳಲ್ಲಿ ಹೆಸರು, ದಳ, ತಾರೀಖು, ವಯಸ್ಸು ಇವೆ. ವಯಸ್ಸುಗಳನ್ನು ಓದುತ್ತ ಒಂದು ಸಾಲಿನ ಕೊನೆಯವರೆಗೆ ಹೋದೆ: 22, 24, 31, 23, 27. ಕೆಲವು ಫಲಕಗಳಲ್ಲಿ ಹೆಸರೇ ಇಲ್ಲ, ಇವನು ಯಾರೆಂಬುದು ದೇವರಿಗೆ ಗೊತ್ತು ಎಂಬ ಅರ್ಥದ ಮಾತು ಮಾತ್ರ ಇದೆ. ನಿಯೆಕೆ ಶಿಬಿರದಲ್ಲಿ ಸತ್ತ ಸುಮಾರು 300 ಮಂದಿಯನ್ನು ಸುಟ್ಟರು. ಅವರಲ್ಲಿ ಹೆಚ್ಚಿನವರು 1943ರ ಮೇ–ಜೂನ್ ತಿಂಗಳ ಕಾಲರಾಕ್ಕೆ ಬಲಿಯಾದವರು. ಅವರೆಲ್ಲರ ಬೂದಿ ಎರಡೇ ಸಮಾಧಿಗಳಲ್ಲಿದೆ, ಹೆಸರುಗಳನ್ನು ಒಳಗಿನ ಮಂಟಪದ ಫಲಕಗಳಲ್ಲಿ ಕೆತ್ತಿದ್ದಾರೆ.

ಒಬ್ಬ ತೋಟದಾಳು ಮಂಡಿಯೂರಿ ಕುಳಿತು, ಒಂದೊಂದು ಪೀಠದ ಬುಡದ ಹುಲ್ಲನ್ನು ಕೈಗತ್ತರಿಯಿಂದ ಸಮ ಮಾಡುತ್ತಿದ್ದ. ಸುಮಾರು ಏಳು ಸಾವಿರ ಪೀಠಗಳ ಕೊನೆಗೆ ಅವನು ತಲುಪುವ ಹೊತ್ತಿಗೆ ಮೊದಲನೆಯದರ ಹುಲ್ಲು ಮತ್ತೆ ಬೆಳೆದಿರುತ್ತದೆಯೇ ಎಂದು ಕೇಳಬೇಕೆನಿಸಿತು, ಭಾಷೆ ಇರಲಿಲ್ಲ.

ಹೊರಡುವ ಮೊದಲು ಪ್ರವೇಶಮಂಟಪದಲ್ಲಿ, ಬರುವಾಗ ನೋಡದೆ ಹೋಗಿದ್ದ ಒಂದು ಫಲಕದ ಮುಂದೆ ನಿಂತೆ. ಅವಿಭಜಿತ ಭಾರತದ ಸೈನ್ಯದ 11 ಮಂದಿಯ ಹೆಸರುಗಳು ಅದರಲ್ಲಿವೆ. ಥಾಯ್ಲೆಂಡಿನ ಮುಸ್ಲಿಮ್ ಸ್ಮಶಾನಗಳಲ್ಲಿ ಅವರನ್ನು ಹೂಳಿದ್ದು, ಆ ಗೋರಿಗಳನ್ನು ಕಾಯ್ದುಕೊಳ್ಳಲು ಸಾಧ್ಯವಾಗದೆ ಹೆಸರುಗಳನ್ನು ಮಾತ್ರ ಇಲ್ಲಿ ಬರೆದರು. ಹನ್ನೊಂದನ್ನೂ ನಿಧಾನವಾಗಿ ಓದಿದೆ. ಆದರೆ ಈ ಮಾರ್ಗದ ಮೇಲೆ ಸತ್ತ ಏಷ್ಯಾದವರ ಲೆಕ್ಕ ಹನ್ನೊಂದಕ್ಕೆ ನಿಲ್ಲುವುದಿಲ್ಲ. ಮಲಯದ ರಬ್ಬರ್ ತೋಟಗಳಿಂದ ತಂದ ತಮಿಳರು, ಬರ್ಮಾದವರು, ಜಾವಾದವರು, ಮಲಯದವರು ಸೇರಿ ಕೂಲಿಗಳ ಸಂಖ್ಯೆ ಎರಡು ಲಕ್ಷದ ಆಸುಪಾಸು ಇತ್ತೆನ್ನುತ್ತಾರೆ, ಸತ್ತವರು ಸುಮಾರು 90,000 ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಅಂದಾಜು ಎಂದೇ ಹೇಳಬೇಕು, ಏಕೆಂದರೆ ಸೈನಿಕರ ಅಧಿಕಾರಿಗಳು ಕದ್ದು ಮುಚ್ಚಿಯಾದರೂ ಸತ್ತವರ ಪಟ್ಟಿ ಇಟ್ಟರು, ಕೂಲಿಗಳಿಗೆ ಪಟ್ಟಿ ಇಡುವವರು ಇರಲಿಲ್ಲ. ಡೊನ್ ರಾಕ್‌ನಲ್ಲಿ ಅವರಿಗೆ ಒಂದು ಪೀಠವೂ ಇಲ್ಲ. ಇದನ್ನು ಆಯೋಗದ ಮೇಲಿನ ದೂರಾಗಿ ಬರೆಯುತ್ತಿಲ್ಲ, ಅದರ ಹೊಣೆ ಸೈನಿಕರಷ್ಟೇ. ಆದರೂ ಹೂವಿನ ಗಿಡಗಳ ನಡುವೆ ನಡೆಯುವಾಗ ಇಲ್ಲದವರ ಸಂಖ್ಯೆ ಇರುವವರ ಸಂಖ್ಯೆಗಿಂತ ಹನ್ನೆರಡು ಪಟ್ಟಿಗೂ ಹೆಚ್ಚು ಎಂಬ ಲೆಕ್ಕ ತಲೆಯಿಂದ ಹೋಗಲಿಲ್ಲ.

ಮಧ್ಯಾಹ್ನ ರಸ್ತೆಬದಿಯಲ್ಲಿ ಕೈಬೀಸಿ ಇನ್ನೊಂದು ಸೊಂಗ್‌ತೇವ್ ನಿಲ್ಲಿಸಿ, 10 ಬಾತ್ ಕೊಟ್ಟು, ಇದೇ ರೈಲುಮಾರ್ಗ ನದಿಯನ್ನು ದಾಟುವ ಪ್ರಸಿದ್ಧ ಸೇತುವೆಯ ಹತ್ತಿರಕ್ಕೆ ಹೋದೆ. ಸೇತುವೆಯ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ‘ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ ಎಂಬ ಹಾಲಿವುಡ್ ಚಿತ್ರ ಜಗತ್ತಿಗೆಲ್ಲ ಪರಿಚಯವಾದ ಮೇಲೆ, 1960ರ ದಶಕದಲ್ಲಿ, ಮೇ ಕ್ಲೋಂಗ್ ನದಿಯ ಈ ಭಾಗಕ್ಕೆ ಕ್ವೇ ಯಾಯ್ ಎಂದು ಹೊಸದಾಗಿ ಹೆಸರಿಟ್ಟರು. ಚಿತ್ರೀಕರಣ ನಡೆದದ್ದು ಮಾತ್ರ ಶ್ರೀಲಂಕಾದಲ್ಲಿ. ಬಾಗಿದ ಕಮಾನುಗಳು ಹಳೆಯವು, ಬಾಂಬಿಗೆ ಬಿದ್ದುದರ ಬದಲಿಗೆ ಯುದ್ಧಾನಂತರ ಹಾಕಿದವು ನೇರ ಗೆರೆಯವು. ಹಳಿಗಳ ಮೇಲೆ ಜನ ಸಾಲುಗಟ್ಟಿ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಅಲ್ಲಿಂದ ಅನತಿ ದೂರದಲ್ಲಿ, ಯಾರೂ ಇಲ್ಲದ ಒಂದು ಆವರಣದಲ್ಲಿ, ಸತ್ತವರಿಗಾಗಿ ಜಪಾನೀ ಸೈನ್ಯವೇ 1944ರಲ್ಲಿ ನಿಲ್ಲಿಸಿದ ಸ್ಮಾರಕವಿದೆ. ಕೊಂದವರೇ ಕಟ್ಟಿದ ಆ ಕಲ್ಲಿನ ಮುಂದೆ ಏನು ಮಾಡಬೇಕೆಂದು ತಿಳಿಯದೆ ಸುತ್ತಲಿನ ಗೋಡೆಗಳ ಫಲಕಗಳನ್ನು ನೋಡುತ್ತ ಹೋದೆ. ಹಲವು ಭಾಷೆಗಳ ನಡುವೆ ಒಂದರಲ್ಲಿ ತಮಿಳು ಅಕ್ಷರಗಳಿದ್ದವು. ನನಗೆ ತಮಿಳು ಓದಲು ಸರಿಯಾಗಿ ಬಾರದು, ತ, ನ, ಮ ಎಂದು ಬಿಡಿ ಬಿಡಿಯಾಗಿ ಗುರುತು ಹಿಡಿಯಬಲ್ಲೆ, ಅಷ್ಟೆ. ತೋಟಗಳಿಂದ ಬಂದವರನ್ನು ಅವರ ಲಿಪಿಯಲ್ಲಿ ನೆನೆದ ಒಂದು ಕಲ್ಲನ್ನು ಇಡೀ ದಿನದಲ್ಲಿ ಕಂಡದ್ದು ಇಲ್ಲಿ ಮಾತ್ರ.

ಕ್ವೇ ನೋಯ್ ನದಿಯ ದಡದ ಚುಂಗ್‌ಕಾಯ್ ಸ್ಮಶಾನಕ್ಕೆ ಹೋಗಲಾಗಲಿಲ್ಲ. ಕೈದಿಗಳ ಆಸ್ಪತ್ರೆಯ ಶಿಬಿರವಿದ್ದ ಜಾಗದಲ್ಲೇ, ಅವರೇ ಆರಂಭಿಸಿದ ಸ್ಮಶಾನ ಅದು, 1,700ಕ್ಕೂ ಹೆಚ್ಚು ಸಮಾಧಿಗಳಿವೆ. ಊರಿನಲ್ಲಿ ಒಂದು ರಾತ್ರಿ ಉಳಿದು ಬಾಡಿಗೆಯ ಸೈಕಲ್ಲಿನಲ್ಲಿ ಹೋಗುವುದು ಒಳ್ಳೆಯದು. ನನ್ನ ಹಾಗೆ ಅದೇ ದಿನ ಹಿಂದಿರುಗಬೇಕಾದವರಿಗೆ ಇರುವುದು ಮಧ್ಯಾಹ್ನ ಮೂರರ ಸುಮಾರಿನ ಒಂದೇ ರೈಲು, ಅದು ಸೇತುವೆಯ ಪಕ್ಕದ ಪುಟ್ಟ ನಿಲ್ದಾಣದಲ್ಲೂ ನಿಲ್ಲುವುದರಿಂದ ಊರಿಗೆ ಮರಳುವ ಅಗತ್ಯವಿಲ್ಲ.

ಮತ್ತೆ 100 ಬಾತ್, ಮತ್ತೆ ಕಿಟಕಿಯ ಬದಿ. ಈ ಸಲ ನಿದ್ದೆ ಮಾಡಲಿಲ್ಲ. ಸ್ಲೀಪರುಗಳೂ ಹಳಿಗಳೂ ಎಷ್ಟೋ ಸಲ ಬದಲಾಗಿರುತ್ತವೆ, ಆದರೆ ಅವುಗಳ ಕೆಳಗಿನ ಮಣ್ಣಿನ ಏರಿ ಬುಟ್ಟಿಗಳಲ್ಲಿ ಹೊತ್ತು ಹಾಕಿದ್ದೇ ಇರಬೇಕೆಂದು ನೋಡುತ್ತ ಕುಳಿತೆ. ಸಂಜೆ ನಾಲ್ಕು ಗಂಟೆ ದಾಟಿದ ಮೇಲೆ ರೈಲು ನಿಧಾನವಾಯಿತು, ಎಡಬಲದಿಂದ ಬೇರೆ ಹಳಿಗಳು ಬಂದು ಕೂಡತೊಡಗಿದವು, ಚಕ್ರಗಳ ಸದ್ದು ಬದಲಾಯಿತು. ತಲೆ ಹೊರಗೆ ಹಾಕಿ ನಿಲ್ದಾಣದ ಹೆಸರಿನ ಫಲಕವನ್ನು ನೋಡಿದೆ. ನೋಂಗ್ ಪ್ಲಾದುಕ್. ಶಾಲೆಯ ಸಮವಸ್ತ್ರದ ಮೂವರು ಮಕ್ಕಳು ಹತ್ತಿದರು, ಬುಟ್ಟಿ ಹಿಡಿದ ಒಬ್ಬಾಕೆ ಇಳಿದಳು, ಒಂದು ನಿಮಿಷದಲ್ಲಿ ರೈಲು ಹೊರಟು ದಕ್ಷಿಣದ ಮುಖ್ಯ ಹಳಿಗೆ ಸೇರಿಕೊಂಡಿತು.