ಯಾವ ಮ್ಯಾನ್ಯುವಲ್ ತಗೊಳ್ಳಲಿ ಅಂತ ಇನ್ನೊಮ್ಮೆ ಕೇಳಬೇಡಿ

ನನ್ನ ಹಳೆ ಸ್ಪ್ಲೆಂಡರನ್ನು ನಾನೇ ರಿಪೇರಿ ಮಾಡಿಕೊಳ್ಳುತ್ತೇನೆ ಅಂತ ಶಿರಸಿಯಲ್ಲಿ ಯಾರಿಗೆ ಗೊತ್ತಾದರೂ ಬರುವ ಪ್ರಶ್ನೆ ಒಂದೇ. "ನಾನೂ ಶುರು ಮಾಡ್ಬೇಕು ಅಂತಿದ್ದೇನೆ, ಒಂದು ಒಳ್ಳೆ ರಿಪೇರಿ ಮ್ಯಾನ್ಯುವಲ್ ಹೇಳಿ." ಹೇಳಿ ಹೇಳಿ ಬಾಯಿ ನೋವು ಬಂದಿದೆ. ಅದಕ್ಕೇ ಬರೆದು ಇಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವವನು. ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಅಡ್ಡಿಯಿಲ್ಲ.

ಆ "ಒಂದು ಒಳ್ಳೆ" ಅನ್ನುವ ಮಾತೇ ನನಗೆ ಆಗಿಬರುವುದಿಲ್ಲ. ಕಾಲು ಮನೆಯಲ್ಲೇ ಬಿಟ್ಟು ಚಪ್ಪಲಿ ಅಂಗಡಿಗೆ ಹೋಗಿ, ಒಂದು ಒಳ್ಳೆ ಚಪ್ಪಲಿ ಕೊಡಿ ಅಂದ ಹಾಗಾಯಿತು. ಗಾಡಿ ಯಾವುದು, ಯಾವ ವರ್ಷದ್ದು, ಅದಕ್ಕೆ ಏನು ಮಾಡಬೇಕು ಅಂತಿದ್ದೀರಿ, ಒಂದೂ ಹೇಳುವುದಿಲ್ಲ.

ಹೋದ ಬೇಸಿಗೆಯಲ್ಲಿ ಸಿದ್ದಾಪುರದ ಕಡೆ ಒಂದು ಮದುವೆ. ಪಂಕ್ತಿಯಲ್ಲಿ ಕೂತಿದ್ದೆ. ಅಪ್ಪೆಹುಳಿ ಬಡಿಸುತ್ತಾ ಬಂದ ಹುಡುಗ ನನ್ನ ಎಲೆಯ ಮುಂದೆ ಸೌಟು ಎತ್ತಿ ನಿಂತೇ ಬಿಟ್ಟ. "ಭಾವಾ, ಒಂದು ಒಳ್ಳೆ ಮ್ಯಾನ್ಯುವಲ್ ಹೇಳಾ." ಅವನ ಹಿಂದೆ ಹಪ್ಪಳದವನು ಕಾಯುತ್ತಿದ್ದಾನೆ. ಹಪ್ಪಳದವನ ಹಿಂದೆ ಜಿಲೇಬಿ. "ಗಾಡಿ ಯಾವುದೋ?" ಅಂದೆ. "ಇನ್ನೂ ತಗೊಂಡಿಲ್ಲ. ಪುಸ್ತಕ ಓದಿ ಆಮೇಲೆ ತಗೊಳ್ಳೋಣ ಅಂತ." ಅಷ್ಟರಲ್ಲಿ ಸೌಟು ವಾಲಿ, ಅಪ್ಪೆಹುಳಿ ಎಲೆಯ ಅಂಚು ದಾಟಿ ನನ್ನ ಪಂಚೆಯ ಕಡೆ ಹೊರಟಿತ್ತು.

ಸರಿ, ಉತ್ತರ. ಗಾಡಿಯ ಜೊತೆ ಬರುತ್ತದಲ್ಲ, ಓನರ್ಸ್ ಮ್ಯಾನ್ಯುವಲ್, ಮೊದಲು ಅದನ್ನು ಹುಡುಕಿ. ಟೈರಿಗೆ ಎಷ್ಟು ಗಾಳಿ, ಯಾವ ಆಯಿಲ್, ಚೈನು ಎಷ್ಟು ಸಡಿಲ ಇರಬೇಕು, ಎಲ್ಲ ಅದರಲ್ಲೇ ಇದೆ. ಕೇಳುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಅಷ್ಟೇ ಸಾಕು. ಎಂಜಿನ್ ಬಿಚ್ಚುವವರಿಗೆ ಬೇಕಾದ್ದು ಸರ್ವಿಸ್ ಮ್ಯಾನ್ಯುವಲ್. ಅದನ್ನು ಕಂಪನಿ ಬರೆಸುವುದು ಮೆಕ್ಯಾನಿಕ್‌ಗಳಿಗೆ, ನಮಗಲ್ಲ. "ಕ್ಲಚ್ ಬಿಚ್ಚಿ" ಅಂತ ಒಂದು ಸಾಲು ಇರುತ್ತದೆ. ಹೇಗೆ ಬಿಚ್ಚುವುದು ಅಂತ ನೋಡಿದರೆ ಯಾವುದೋ ವಿಶೇಷ ಟೂಲಿನ ನಂಬರು! ಮನೆಯಲ್ಲಿ ಮಾಡುವವರಿಗೆಂದೇ ಫೋಟೊ ಹಾಕಿ ಬರೆಯುವವರು ಇಂಗ್ಲೆಂಡಿನ ಹೇನ್ಸ್‌ನವರು. ಕೆಲಸ ಎಷ್ಟು ಕಷ್ಟ ಅಂತ ಒಂದರಿಂದ ಐದು ಸ್ಪ್ಯಾನರಿನ ಚಿತ್ರ ಹಾಕಿ ಹೇಳುತ್ತಾರೆ. ಆದರೆ ಅವರ ಕಣ್ಣು ಹೆಚ್ಚಾಗಿ ಅಲ್ಲಿ ಓಡುವ ಗಾಡಿಗಳ ಮೇಲೆ. ನಾನು ಎಲ್ಲಕ್ಕಿಂತ ಜಾಸ್ತಿ ತೆರೆಯುವುದು ಯಾರೂ ಕೇಳದ ಪಾರ್ಟ್ಸ್ ಕ್ಯಾಟಲಾಗನ್ನು. ಯಾವ ವಾಷರ್ ಯಾವುದರ ಹಿಂದೆ ಅಂತ ಬಿಡಿಸಿಟ್ಟ ಚಿತ್ರ ಅದರಲ್ಲಿದೆ. ಕೊನೆಗೆ ಕೈಯಲ್ಲಿ ಒಂದು ವಾಷರ್ ಉಳಿದಾಗ ಅದರ ಬೆಲೆ ಗೊತ್ತಾಗುತ್ತದೆ.

ವರ್ಷ ನೋಡದೆ ಮಾತ್ರ ತಗೊಳ್ಳಬೇಡಿ. ಸ್ಪ್ಲೆಂಡರ್ ಬಂದದ್ದು 1994ರಲ್ಲಿ, ಹೆಸರು ಇವತ್ತಿಗೂ ಅದೇ. 2020ರ ಏಪ್ರಿಲ್ 1ರಿಂದ ಗಾಡಿಯ ಹೊಗೆಗೆ ಬಿಎಸ್-6 ಅನ್ನುವ ನಿಯಮ ಬಂತು, ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ನನ್ನ ಪುಸ್ತಕ ಹಿಡಿದುಕೊಂಡು ನಿಮ್ಮ ಹೊಸ ಗಾಡಿಯಲ್ಲಿ ಕಾರ್ಬುರೇಟರ್ ಹುಡುಕಿದರೆ ಸಂಜೆಯಾದರೂ ಸಿಗುವುದಿಲ್ಲ. ಮತ್ತೆ ಮೊಬೈಲಿನಲ್ಲಿ ಪಿಡಿಎಫ್ ಇದೆ ಅನ್ನುವವರಿಗೆ: ಗ್ರೀಸ್ ಮೆತ್ತಿದ ಹೆಬ್ಬೆರಳಿಗೆ ಫೋನು ಓಪನ್ ಆಗುವುದಿಲ್ಲ. ಬೇಕಾದ ನಾಲ್ಕು ಪುಟ ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ. ನನ್ನ ಮೊದಲ ಮ್ಯಾನ್ಯುವಲ್ ನಮ್ಮ ಆಷಾಢದ ಮಳೆಗೆ ಬೂಷ್ಟು ಹಿಡಿದು ಹೋಯಿತು.

ಇಷ್ಟೆಲ್ಲ ಹೇಳುತ್ತೇನೆ. ಆದರೆ ನನ್ನ ಗಾಡಿಯ ಬಲಗಡೆ ಎಂಜಿನ್ ಕವರಿನಲ್ಲಿ ಒಂದು ಬೋಲ್ಟ್ ಮಾತ್ರ ದೊಡ್ಡದಿದೆ. ಉಳಿದವಕ್ಕೆ 8 ನಂಬರ್ ಸ್ಪ್ಯಾನರ್ ಸಾಕು, ಅದಕ್ಕೆ 12 ಬೇಕು. ಇಷ್ಟು ವರ್ಷದಲ್ಲಿ ಒಬ್ಬರಾದರೂ "ಇದೊಂದು ಯಾಕೆ ಹೀಗೆ?" ಅಂತ ಕೇಳಿದ್ದರೆ ಚಾ ಕುಡಿಸಿ ಹೇಳುತ್ತಿದ್ದೆ.

ಈ ಹಳೆ ಎಂಜಿನ್ನಿನಲ್ಲಿ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಕವರಿನ ಒಳಗೆ ಬಟ್ಟಲಿನಂಥದ್ದೊಂದು ಎಂಜಿನ್ ಜೊತೆಗೇ ತಿರುಗುತ್ತದೆ. ಆಯಿಲಿನ ಕೊಳೆ ಹಾರಿ ಅದರ ಅಂಚಿಗೆ ಹೋಗಿ ಕೂರುತ್ತದೆ. ತೆಗೆದು ನೋಡಿದರೆ ಕಪ್ಪು ಬೆಣ್ಣೆಯ ಹಾಗೆ, ಉಗುರಿನಲ್ಲಿ ಕೆರೆದರೆ ಸುರುಳಿ ಸುರುಳಿಯಾಗಿ ಬರುತ್ತದೆ. ಅದನ್ನು ಒಂದು ಭಾನುವಾರ ಕ್ಲೀನ್ ಮಾಡಿದೆ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಯಾವ ಬೋಲ್ಟ್ ಎಲ್ಲಿಯದು ಅಂತ ಚುಚ್ಚಿ ಇಟ್ಟಿದ್ದೆ. ಅಷ್ಟು ಶಿಸ್ತು! ಹೊಸ ಗ್ಯಾಸ್ಕೆಟ್ ಹಾಕಿದೆ, ಕವರ್ ಕೂರಿಸಿದೆ. ಹೊಸದಾಗಿ ಟಾರ್ಕ್ ವ್ರೆಂಚ್ ತಗೊಂಡಿದ್ದೆ, ನಾವು ಇಟ್ಟಷ್ಟು ಬಿಗಿಯಾದ ಕೂಡಲೇ ಟಿಕ್ ಅನ್ನುತ್ತದಲ್ಲ, ಅದು. ಅದನ್ನು 12ಕ್ಕೆ ಇಟ್ಟೆ. ಕವರಿನವು 6 ಎಂಎಂ ಬೋಲ್ಟ್, ಸ್ಪ್ಯಾನರಿನ 8 ಅದರ ತಲೆಯ ಅಳತೆ. ಅದಕ್ಕೆ ಸಾಧಾರಣ 10ರಿಂದ 12 ನ್ಯೂಟನ್ ಮೀಟರ್ ಬಿಗಿ. ನಾನು ಇಟ್ಟದ್ದು ವ್ರೆಂಚಿನ ಇನ್ನೊಂದು ಮಗ್ಗುಲಿನ 12, ಅದು ಪೌಂಡ್-ಫುಟ್. ಒಂದು ಪೌಂಡ್-ಫುಟ್ ಅಂದರೆ ಸುಮಾರು 1.36 ನ್ಯೂಟನ್ ಮೀಟರ್, ಅಲ್ಲಿಗೆ 16 ದಾಟಿತು. ಮೂರು ಬೋಲ್ಟ್ ತಡೆದುಕೊಂಡವು. ನಾಲ್ಕನೆಯದಕ್ಕೆ ವ್ರೆಂಚ್ ಟಿಕ್ ಅನ್ನಲೇ ಇಲ್ಲ. ಬಿಗಿಯಾಗುತ್ತಿದ್ದ ಬೋಲ್ಟ್ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಹೊಟ್ಟೆಯಲ್ಲಿ ಏನೋ ಕಳಚಿದ ಹಾಗಾಯಿತು ನನಗೆ. ಹೊರಗೆ ತೆಗೆದರೆ ಬೋಲ್ಟಿನ ಸುತ್ತ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಸುರುಳಿ. ಬೋಲ್ಟನ್ನು ಕಚ್ಚಿ ಹಿಡಿಯುವ ಎಂಜಿನ್ನಿನ ತ್ರೆಡ್ ಪೂರ್ತಿ ಕಿತ್ತು ಬಂದಿತ್ತು.

ಮ್ಯಾನ್ಯುವಲ್ ಪಕ್ಕದಲ್ಲೇ ಇತ್ತು, ಅದೇ ಪುಟ ತೆರೆದುಕೊಂಡು. ತಪ್ಪು ಅದರದ್ದಲ್ಲ.

ಮಾರನೇ ದಿನ ಪಿಕಪ್ಪಿನಲ್ಲಿ ಗಾಡಿ ಹೇರಿಸಿಕೊಂಡು ಲೇತ್ ಅಂಗಡಿಗೆ ಹೋದೆ. ಅಲ್ಲಿದ್ದ ಹಿರಿಯರು ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದರು. ತೂತು ದೊಡ್ಡದು ಮಾಡಿ, 8 ಎಂಎಂ ಬೋಲ್ಟಿಗೆ ಟ್ಯಾಪ್ ಹೊಡೆದು, ಅಂದರೆ ಹೊಸ ತ್ರೆಡ್ ಕೊರೆದು ಕೊಟ್ಟರು. 12ರ ಸ್ಪ್ಯಾನರ್ ಬೇಕಾಗುವ ಬೋಲ್ಟ್ ಅದೇ. ಕೆಲಸ ಮುಗಿಯುವವರೆಗೂ ಒಂದು ಮಾತಿಲ್ಲ. ದುಡ್ಡು ಎಣಿಸಿಕೊಳ್ಳುವಾಗ ಮಾತ್ರ ಕೇಳಿದರು: "ಪುಸ್ತಕ ನೋಡಿ ಮಾಡಿದ್ದಾ?"

ಹೌದು ಅಂದೆ.

"ಯಾವ ಪುಸ್ತಕ? ನನ್ನ ಮಗನಿಗೂ ಒಂದು ಒಳ್ಳೇದು ಬೇಕಿತ್ತು."